ಕಾಲು ಕೊಡುವ ಮೊದಲು ಸೊಂಟ ನೋಡಿ

ಮಾನ್ಯ ಸಂಪಾದಕರೇ,

ಉಚಿತ ಕೃತಕ ಕಾಲು ಜೋಡಣೆ ಶಿಬಿರಗಳಲ್ಲಿ ಅಳತೆ, ಜೋಡಣೆ, ಹಾರ, ಫೋಟೊ ಎಲ್ಲವೂ ಒಂದೆರಡು ದಿನದಲ್ಲಿ ಮುಗಿಯುತ್ತವೆ. ಜೈಪುರ ಪಾದದ ಬಗ್ಗೆ ತಕರಾರಿಲ್ಲ. ಬರಿಗಾಲಲ್ಲಿ ನಡೆಯುವ, ಗದ್ದೆಗೆ ಇಳಿಯುವ ನಮ್ಮ ಜನರಿಗೆಂದೇ ಅದು ರೂಪುಗೊಂಡಿದ್ದು. ಆದರೂ ಎಷ್ಟೋ ಕಾಲುಗಳು ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತವೆ. ‘ಕಾಲು ಸರಿಹೊಂದಲಿಲ್ಲ’ ಎನ್ನುತ್ತಾರೆ. ಅದನ್ನು ಎತ್ತಿ ಹಾಕಬೇಕಾದ ಸೊಂಟ, ತೊಡೆಯ ಸ್ನಾಯುಗಳು ಸೊರಗಿರುವುದನ್ನು ಯಾರೂ ನೋಡಿರುವುದಿಲ್ಲ.

ಎಡವಟ್ಟು ಶುರುವಾಗುವುದು ಆಸ್ಪತ್ರೆಯ ಮಂಚದಲ್ಲೇ. ನೋವಿಗೆ ಹಿತವೆಂದು, ಕಾಲು ಕತ್ತರಿಸಿದ ಮೇಲೆ ಉಳಿದ ಮೋಟು ಭಾಗದ ಕೆಳಗೆ, ಅಂದರೆ ಸ್ಟಂಪಿನ ಕೆಳಗೆ, ದಿಂಬು ಇಡುತ್ತಾರೆ. ದಿನಗಟ್ಟಲೆ ಹಾಗೇ ಇದ್ದರೆ ಮೊಣಕಾಲೋ ಸೊಂಟದ ಕೀಲೋ ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಸಾಕೆಟ್ (ಸ್ಟಂಪ್ ಕೂರುವ, ಕೃತಕ ಕಾಲಿನ ಮೇಲ್ಭಾಗದ ಬಟ್ಟಲು) ಮಾಡಿದರೂ ನೆಟ್ಟಗೆ ನಿಲ್ಲುವುದು ಕಷ್ಟ. ಇದನ್ನು ತಡೆಯಲು ದಿನಕ್ಕೆ 3 ಸಲ, 20 ನಿಮಿಷದಂತೆ ಗಟ್ಟಿ ಹಾಸಿಗೆಯ ಮೇಲೆ ಬೋರಲು ಮಲಗಬೇಕು. ಸ್ಟಂಪಿನ ಕೆಳಗೆ ದಿಂಬು ಬೇಡ, ಮುಖ ಒಳ್ಳೆಯ ಕಾಲಿನ ಕಡೆಗಿರಲಿ.

ಗಾಯ ಮಾಗಿ ವೈದ್ಯರು ಒಪ್ಪಿದ ಮೇಲೆ ಬಲ ತುಂಬುವ ಕೆಲಸ. ಜಿಮ್ ಬೇಕಿಲ್ಲ, ಒಂದು ಜಮಖಾನೆ ಸಾಕು. ಅದನ್ನು ಬಿಗಿಯಾಗಿ ಸುತ್ತಿ, ಅಂಗಾತ ಮಲಗಿ ಸ್ಟಂಪಿನ ಕೆಳಗಿಡಿ. ಒಳ್ಳೆಯ ಕಾಲಿನ ಮೊಣಕಾಲನ್ನು ಎದೆಗೆ ಅಪ್ಪಿಕೊಂಡು, ಸ್ಟಂಪನ್ನು ಸುರುಳಿಯ ಮೇಲೆ ಒತ್ತಿ ಕುಂಡೆ ಎತ್ತಿ, 5 ಎಣಿಸಿ ಇಳಿಸಿ. 10 ಸಲ, 3 ಸುತ್ತು. ಮೊಣಕಾಲು ಅಪ್ಪಿಕೊಳ್ಳದಿದ್ದರೆ ಒಳ್ಳೆಯ ಕಾಲೇ ನೆಲಕ್ಕೆ ಒತ್ತಿ ಕೆಲಸ ಮುಗಿಸಿಬಿಡುತ್ತದೆ.

ಎರಡನೆಯದು ಇನ್ನೂ ಮುಖ್ಯ: ಒಳ್ಳೆಯ ಕಾಲಿನ ಮಗ್ಗುಲಲ್ಲಿ ಮಲಗಿ ಸ್ಟಂಪನ್ನು ಮೇಲಕ್ಕೆ ಎತ್ತುವುದು. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಸೊಂಟ ಹಿಂದಕ್ಕೆ ಹೊರಳಿ ಸ್ಟಂಪ್ ಮುಂದಕ್ಕೆ ಬರುತ್ತದೆ, ಶ್ರಮವೆಲ್ಲ ತೊಡೆಯ ಮುಂಭಾಗಕ್ಕೆ. ಬೆನ್ನು, ಕುಂಡೆ ಗೋಡೆಗೆ ತಾಗುವಂತೆ ಮಲಗಿ, ಸ್ಟಂಪನ್ನು ಗೋಡೆಗುಂಟ ಜಾರಿಸುತ್ತಾ ಎತ್ತಿದರೆ ತಪ್ಪುವಂತಿಲ್ಲ. ಈ ಮಗ್ಗುಲ ಸ್ನಾಯು ಸೋತವರೇ ಕೃತಕ ಕಾಲೂರಿದಾಗಲೆಲ್ಲ ಆ ಕಡೆಗೆ ವಾಲುತ್ತಾರೆ. ಬೆನ್ನುನೋವು ಹಿಂದೆಯೇ ಬರುತ್ತದೆ.

ಮೊಣಕಾಲು ಉಳಿದವರು ಅದರ ಕೆಳಗೆ ಟವೆಲ್ ಇಟ್ಟು, ಒತ್ತಿ ಪೂರ್ತಿ ನೆಟ್ಟಗಾಗಿಸಲಿ. ಒಳ್ಳೆಯ ಕಾಲಿಗೆ, ಗೋಡೆಗೆ ಆನಿಸಿದ ಕುರ್ಚಿಯಿಂದ ಎದ್ದು ಕೂರುವುದು.

3 ಸುತ್ತೂ ಸಲೀಸಾದಾಗಷ್ಟೇ ಭಾರ: ಅರ್ಧ ಕಿಲೊ ಮರಳಿನ ಚೀಲ. ತುದಿ ಸಪೂರವಾದ ಸ್ಟಂಪಿನಿಂದ ಚೀಲ ಜಾರುತ್ತದೆ. ಅಗಲ ಬಟ್ಟೆಯಿಂದ ಕಟ್ಟಿ, ಹೊಲಿಗೆಯ ಗುರುತಿನ ಮೇಲೆ ಮಾತ್ರ ಬೇಡ. ಉಸಿರು ಬಿಗಿಹಿಡಿಯದಿರಲು ಎಣಿಕೆ ಬಾಯಿಬಿಟ್ಟೇ ಆಗಲಿ. ಸಕ್ಕರೆ ಕಾಯಿಲೆಯವರು ಪಕ್ಕದಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಲಿ, ಉಳಿದ ಪಾದವನ್ನು ದಿನವೂ ನೋಡಿಕೊಳ್ಳಲಿ.

ಶಿಬಿರ ನಡೆಸುವವರಲ್ಲಿ ವಿನಂತಿ: ಹೆಸರು ನೋಂದಾಯಿಸುವ ದಿನವೇ ಅಂಗಾತ ಮಲಗಿಸಿ, ಒಳ್ಳೆಯ ಮೊಣಕಾಲನ್ನು ಎದೆಗೆ ಅಪ್ಪಿಸಿ. ಸ್ಟಂಪ್ ಹಾಸಿಗೆ ಬಿಟ್ಟು ಮೇಲೆದ್ದರೆ ಸೊಂಟ ಬಿಗಿದಿದೆ ಎಂದರ್ಥ. ಅಂಥವರನ್ನು ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕಳಿಸಿ, ಅಳತೆ ಆಮೇಲೆ ತೆಗೆಯಿರಿ. ಗ್ರಾಮ ಪಂಚಾಯಿತಿಗಳಲ್ಲಿರುವ ವಿಆರ್‌ಡಬ್ಲ್ಯುಗಳಿಗೆ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಈ ಪರೀಕ್ಷೆ, ಈ ವ್ಯಾಯಾಮ ಕಲಿಸಲು ಒಂದು ಬೆಳಗಿನ ತರಬೇತಿ ಸಾಕು.

– ಫಿಸಿಯೋಥೆರಪಿಸ್ಟ್, ದಾವಣಗೆರೆ