ಪಿಯಾನೋದೊಳಗೆ ಬೋಲ್ಟು, ತಾಳದೊಳಗೆ ಲೆಕ್ಕ: ಜಾನ್ ಕೇಜ್ ಅವರನ್ನು ಎಲ್ಲಿಂದ ಕೇಳಬೇಕು?

ಸಂಘದ ಸದಸ್ಯರಿಗೆ ನಮಸ್ಕಾರ.

ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಹೆಸರು ಎತ್ತಿದರೆ ಸಾಕು, "ಪಿಯಾನೋ ಮುಂದೆ ನಾಲ್ಕೂವರೆ ನಿಮಿಷ ಸುಮ್ಮನೆ ಕೂರಿಸಿದ ಪುಣ್ಯಾತ್ಮ ತಾನೇ?" ಎಂಬ ಮಾತು ಬಂದೇ ಬರುತ್ತದೆ. '4′33″' ಎಂಬ ಆ ಮೌನದ ಕೃತಿಯೇ ಅವರಿಗೆ ಹೆಸರು ತಂದದ್ದು, ಕೆಟ್ಟ ಹೆಸರನ್ನೂ ಅದೇ ತಂದದ್ದು. ಆದರೆ ಕೇಜ್ ಸಂಗೀತಕ್ಕೆ ಅದು ಹೆಬ್ಬಾಗಿಲಲ್ಲ. ಕರ್ನಾಟಕ ಸಂಗೀತ ಕೇಳಿ ಬೆಳೆದವರು, ಅದರಲ್ಲೂ ಮಕ್ಕಳಿಗೆ ಒಂದು ಕೋಣೆಯಲ್ಲಿ ಮೃದಂಗ, ಇನ್ನೊಂದರಲ್ಲಿ ಪಿಯಾನೋ ಕಲಿಸುತ್ತಿರುವವರು, 1946ರಿಂದ 1948ರವರೆಗೆ ಅವರು ಬರೆದ 'ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್'ನಿಂದ ಶುರು ಮಾಡಬೇಕು. ಒಟ್ಟು ಸುಮಾರು ಒಂದು ಗಂಟೆ ಹತ್ತು ನಿಮಿಷ. ಹದಿನಾರು ಸೊನಾಟಾ (ಬಿಡಿ ವಾದ್ಯರಚನೆ), ನಡುನಡುವೆ ಮಧ್ಯಂತರದ ತುಣುಕುಗಳಾಗಿ ನಾಲ್ಕು ಇಂಟರ್‌ಲೂಡ್. ಇದರಲ್ಲಿ ರಾಗ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಕಾಲದ ಲೆಕ್ಕ.

ಕೇಜ್ ಹುಟ್ಟಿದ್ದು 1912ರ ಸೆಪ್ಟೆಂಬರ್ 5ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಸಂಶೋಧಕರು, ಜಲಾಂತರ್ಗಾಮಿಯನ್ನೂ ಕಟ್ಟಿದವರು. ಮಗ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಯುರೋಪ್ ಸುತ್ತಿಬಂದು, ಸಂಗೀತ ರಚನಕಾರರಾದ ಹೆನ್ರಿ ಕವೆಲ್ ಬಳಿ, ಆಮೇಲೆ ಆರ್ನಲ್ಡ್ ಶೋನ್‌ಬರ್ಗ್ ಬಳಿ ಕಲಿತರು. ಹಾರ್ಮನಿಯ (ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಕಲೆಯ) ಒಲವಿಲ್ಲದವನು ಮುಂದೆ ಗೋಡೆಗೆ ಹೋಗಿ ನಿಲ್ಲುತ್ತಾನೆ ಎಂದು ಶೋನ್‌ಬರ್ಗ್ ಎಚ್ಚರಿಸಿದರಂತೆ. ಹಾಗಾದರೆ ಆ ಗೋಡೆಗೇ ತಲೆ ಚಚ್ಚಿಕೊಳ್ಳುತ್ತೇನೆ ಎಂದು ಶಿಷ್ಯನ ಉತ್ತರ. ಹಠದ ಮಾತಿನಂತೆ ಕೇಳಿಸಿದರೂ ಅದರ ಹಿಂದೆ ಗಟ್ಟಿ ತರ್ಕವೊಂದು ಬೆಳೆಯಿತು. ನಾದಕ್ಕೆ ಶ್ರುತಿಯಿದೆ, ಗಟ್ಟಿತನವಿದೆ, ಬಣ್ಣವಿದೆ, ಅವಧಿಯಿದೆ. ಮೌನಕ್ಕೆ ಇರುವುದು ಅವಧಿ ಮಾತ್ರ. ನಾದ, ಮೌನ ಎರಡನ್ನೂ ಒಂದೇ ಕಟ್ಟಡದಲ್ಲಿ ಕೂರಿಸಬೇಕಾದರೆ ಅಡಿಪಾಯ ಅವಧಿಯೇ ಆಗಬೇಕು. ತಾಳ ಹಾಕುತ್ತ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣಿಸಲಿಕ್ಕಿಲ್ಲ. ಯುರೋಪಿನ ಹಾರ್ಮನಿ ಪಾಠದಲ್ಲಿ ಬೆಳೆದವರಿಗೆ ಅದು ತಲೆಕೆಳಗಾದ ಮಾತು.

1939ರ ಲೋಹವಾದ್ಯಗಳ ಕೃತಿ 'ಫಸ್ಟ್ ಕನ್‌ಸ್ಟ್ರಕ್ಷನ್' ನೋಡಿ. ಹದಿನಾರು ಬಾರ್‌ಗಳ (ಲಯದ ಸಣ್ಣ ಅಳತೆಗಳ) ಘಟಕ, ಅಂಥ ಹದಿನಾರು ಘಟಕ. ಪ್ರತಿ ಘಟಕದ ಒಳಗೆ ಬಾರ್‌ಗಳು 4, 3, 2, 3, 4 ಎಂದು ಒಡೆಯುತ್ತವೆ. ಇಡೀ ಕೃತಿಯ ಘಟಕಗಳೂ 4, 3, 2, 3, 4 ಎಂದೇ ಗುಂಪಾಗುತ್ತವೆ. ನಮ್ಮ ಲಯವಾದ್ಯದವರಿಗೆ ಈ ಅಂಕಿ ತೋರಿಸಿದರೆ ಡಮರು ಯತಿ ಎನ್ನುತ್ತಾರೆ: ಎರಡು ತುದಿ ಅಗಲ, ನಡು ಸಣ್ಣ. ಕೇಜ್ ಇದನ್ನು ನಮ್ಮಿಂದ ತೆಗೆದುಕೊಂಡದ್ದಲ್ಲ. ಭಾರತದ ಸಂಗೀತ ಅವರಿಗೆ ಹತ್ತಿರವಾದದ್ದು ಇದಾಗಿ ಏಳು ವರ್ಷಕ್ಕೆ. "ಎಲ್ಲವೂ ಮೊದಲು ನಮ್ಮಲ್ಲೇ ಇತ್ತು" ಎಂದು ಹೇಳಿಕೊಳ್ಳುವ ಅವಸರ ನಮಗೆ ಬೇಡ.

ಪಿಯಾನೋದೊಳಗೆ ಬೋಲ್ಟು ಸೇರಿದ್ದಕ್ಕೆ ಕಾರಣ ಜಾಗದ ಅಭಾವ. ಸಿಯಾಟಲ್‌ನ ಕಾರ್ನಿಶ್ ಶಾಲೆಯಲ್ಲಿ ಸಿವಿಲ್ಲಾ ಫೋರ್ಟ್ ಎಂಬ ನರ್ತಕಿಯ ನೃತ್ಯಕ್ಕೆ ಸಂಗೀತ ಬೇಕಿತ್ತು. ತಾಳವಾದ್ಯಗಳ ತಂಡ ಹಿಡಿಸುವಷ್ಟು ವೇದಿಕೆ ಇರಲಿಲ್ಲ, ಇದ್ದದ್ದು ಒಂದು ಪಿಯಾನೋ. ಗುರು ಕವೆಲ್ ಪಿಯಾನೋದ ತಂತಿಗಳನ್ನು ಕೈಯಿಂದಲೇ ಉಜ್ಜಿ, ಮೀಟಿ ನುಡಿಸಿದ್ದನ್ನು ಕೇಜ್ ನೋಡಿದ್ದರು. ಅಡುಗೆಮನೆಯಿಂದ ಪೈ ತಟ್ಟೆ ತಂದು ತಂತಿಗಳ ಮೇಲಿಟ್ಟರು. ದನಿ ಚೆನ್ನಾಗಿತ್ತು, ಆದರೆ ತಟ್ಟೆ ಕುಣಿದು ಜಾಗ ಬಿಟ್ಟಿತು. ಮೊಳೆ ಸಿಕ್ಕಿಸಿದರು, ಜಾರಿ ಬಿತ್ತು. ಸ್ಕ್ರೂ ತಿರುಗಿಸಿ ತೂರಿಸಿದಾಗ ಅದರ ಸುರುಳಿ ಮರೆಗಳು ತಂತಿಯನ್ನು ಕಚ್ಚಿಕೊಂಡವು, ಅಲ್ಲೇ ನಿಂತಿತು. ಒಬ್ಬ ಮನುಷ್ಯ ಹತ್ತು ಬೆರಳಲ್ಲಿ ನುಡಿಸುವ ತಾಳವಾದ್ಯ ತಂಡ ಸಿದ್ಧವಾಯಿತು.

1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಬಂದರು. ಪಾಶ್ಚಾತ್ಯ ಸಂಗೀತ ಭಾರತದ ಸಂಗೀತವನ್ನು ಏನು ಮಾಡುತ್ತಿದೆ ಎಂಬ ಚಿಂತೆ ಅವರದು. ಅದಕ್ಕಾಗಿ ಆ ಸಂಗೀತವನ್ನೇ ಕಲಿಯಲು ಬಂದಿದ್ದರು. ನಾನು ಕೌಂಟರ್‌ಪಾಯಿಂಟ್ (ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ) ಹೇಳಿಕೊಡುತ್ತೇನೆ, ನೀವು ನಿಮ್ಮ ಸಂಗೀತ ಹೇಳಿಕೊಡಿ, ದುಡ್ಡಿನ ಮಾತು ಬೇಡ ಎಂದರು ಕೇಜ್. ಆಗ ಅವರ ಮನಸ್ಸು ಕದಡಿತ್ತು. ಪತ್ನಿ ಸೇನಿಯಾರಿಂದ ದೂರವಾಗಿದ್ದರು. ಆ ದುಃಖದಲ್ಲಿ ಬರೆದ 'ದ ಪೆರಿಲಸ್ ನೈಟ್' ಕೇಳಿ ವಿಮರ್ಶಕರೊಬ್ಬರು ಚರ್ಚಿನ ಗಂಟೆಗೋಪುರದಲ್ಲಿ ಮರಕುಟಿಗ ಕೂತಂತಿದೆ ಎಂದುಬಿಟ್ಟಿದ್ದರು. ಹೇಳಿದ್ದು ಕೇಳುಗರಿಗೆ ಮುಟ್ಟದಿದ್ದರೆ ಸಂಗೀತ ಯಾಕೆ ಎಂಬ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ಗೀತಾ ತಮ್ಮ ಗುರುಗಳಿಂದ ಕೇಳಿದ ಉತ್ತರ ಹೇಳಿದರು: ಮನಸ್ಸನ್ನು ತಿಳಿಗೊಳಿಸಿ, ಶಾಂತಗೊಳಿಸಿ, ದೈವದ ಪ್ರಭಾವಕ್ಕೆ ಅದನ್ನು ತೆರೆಯುವುದೇ ಸಂಗೀತದ ಕೆಲಸ. ಊರಿಗೆ ಹೊರಡುವಾಗ ಶ್ರೀರಾಮಕೃಷ್ಣರ ಮಾತುಗಳ ಇಂಗ್ಲಿಷ್ ಅನುವಾದವನ್ನು ಕೈಗಿತ್ತರು; ನಾವು ಕನ್ನಡದಲ್ಲಿ 'ಶ್ರೀರಾಮಕೃಷ್ಣ ವಚನವೇದ' ಎಂದು ಓದುವ ಗ್ರಂಥವೇ ಅದು. ಕೇಜ್ ಅದನ್ನು ವರ್ಷವಿಡೀ ಓದಿದರು. ಜೊತೆಗೆ ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಬರಹಗಳು.

ರಸಗಳ ವಿಚಾರ ಅವರಿಗೆ ಸಿಕ್ಕಿದ್ದು ಕುಮಾರಸ್ವಾಮಿಯವರಿಂದ. ವೀರ, ಶೃಂಗಾರ, ಅದ್ಭುತ, ಹಾಸ್ಯ ಒಂದು ಕಡೆ. ಕರುಣ, ಭಯಾನಕ, ರೌದ್ರ, ಬೀಭತ್ಸ ಇನ್ನೊಂದು ಕಡೆ. ಎಲ್ಲವೂ ಕೊನೆಗೆ ಶಾಂತದ ಕಡೆ ವಾಲುತ್ತವೆ. ಸೊನಾಟಾಗಳು ಈ ಭಾವಗಳನ್ನು ಕುರಿತವು ಎಂದಷ್ಟೇ ಕೇಜ್ ಹೇಳಿದರು, ಯಾವುದು ಯಾವ ರಸ ಎಂದು ಚೀಟಿ ಅಂಟಿಸಲಿಲ್ಲ. ಮೂರನೆಯದು ರೌದ್ರವೇ, ಏಳನೆಯದು ಕರುಣವೇ ಎಂದು ವಾದಿಸುವುದು ಕಾಲಹರಣ.

ಲೆಕ್ಕ ಮಾತ್ರ ಕಾಗದದ ಮೇಲೇ ಇದೆ. ಮೊದಲ ಸೊನಾಟಾದ ಘಟಕ 28 ಕ್ವಾರ್ಟರ್ ನೋಟ್‌ಗಳದ್ದು (ಅಂದರೆ 28 ಎಣಿಕೆಯದ್ದು). ಅನುಪಾತ ಒಂದೂಕಾಲು, ಮುಕ್ಕಾಲು, ಮತ್ತೆ ಒಂದೂಕಾಲು, ಮುಕ್ಕಾಲು, ಆಮೇಲೆ ಒಂದೂವರೆ, ಒಂದೂವರೆ. ಕೂಡಿಸಿದರೆ 7. ಗುಣಿಸಿ ನೋಡಿದರೆ 35, 21, 35, 21, 42, 42. ಒಟ್ಟು 196, ಅಂದರೆ 28ರ ಏಳು ಪಾಲು. ಪ್ರತಿ ತುಂಡೂ ಏಳರಿಂದ ಭಾಗವಾಗುತ್ತದೆ. ಏಳೆಣಿಕೆಯ ಮಿಶ್ರ ಛಾಪಿನಲ್ಲಿ ಕೈ ಪಳಗಿದವರಿಗೆ ಬೆರಳು ತುರಿಸುವುದು ಸಹಜ, ಆದರೆ ತಾಳ ಹಾಕಲು ಹೋದರೆ ಕೈ ಸೋಲುತ್ತದೆ. ಇಲ್ಲಿ ಆವರ್ತನವಿಲ್ಲ, ಮರಳಿ ಬಂದು ಸೇರಬೇಕಾದ ಸಮವೂ ಇಲ್ಲ. ಮೊದಲ ಭಾಗ ಎರಡು ಸಲ, ಎರಡನೆಯ ಭಾಗ ಎರಡು ಸಲ ಎಂಬ ಕ್ರಮ ಯುರೋಪಿನ ಹಳೆಯ ಸೊನಾಟಾದ್ದು. ಎಣಿಸುವ ಬದಲು ಪುನರಾವರ್ತನೆ ಎಲ್ಲಿ ಶುರುವಾಯಿತು ಎಂದು ಗುರುತಿಸಿದರೆ ಸಾಕು, ಕಟ್ಟಡ ಕಿವಿಗೆ ಸಿಗುತ್ತದೆ.

ಇನ್ನು ಈ ಸೊನಾಟಾಗಳ ವಾದ್ಯ, ಅದೇ ಬೋಲ್ಟಿನ ಪಿಯಾನೋ. 88 ಮಣೆಗಳಲ್ಲಿ 45ಕ್ಕೆ ಏನಾದರೊಂದು ಸಿಕ್ಕಿಸಬೇಕು: ಸ್ಕ್ರೂ, ಬೋಲ್ಟು, ನಟ್ಟು, ರಬ್ಬರ್, ಪ್ಲಾಸ್ಟಿಕ್ ಚೂರು, ಮತ್ತೆ ಒಂದೇ ಒಂದು ಪೆನ್ಸಿಲ್ ಅಳಿಸುವ ರಬ್ಬರು. ಆ ಅಳಿಸುವ ರಬ್ಬರು ಮಂದ್ರದ ಡಿ ತಂತಿಯ ಮೇಲೆ ಹಾದು, ಅಕ್ಕಪಕ್ಕದ ಸಿ ಮತ್ತು ಇ ತಂತಿಗಳ ಅಡಿಗೆ ಹೋಗಬೇಕು. ಸ್ವರಲಿಪಿಯ ಮೊದಲಿಗೇ ಒಂದು ಪಟ್ಟಿ ಇದೆ: ಯಾವ ಮಣೆ, ಯಾವ ವಸ್ತು, ಎಷ್ಟನೆಯ ತಂತಿಗಳ ನಡುವೆ, ಡ್ಯಾಂಪರ್‌ನಿಂದ (ತಂತಿಯ ಕಂಪನ ನಿಲ್ಲಿಸುವ ಮೆತ್ತೆಯಿಂದ) ಎಷ್ಟು ಇಂಚು ದೂರ. ಇಷ್ಟಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ಸಭಾಂಗಣ ಬಾಡಿಗೆಗೆ ಹಿಡಿಯುವವರು ಈ ಸಮಯವನ್ನೂ ಸೇರಿಸಿಕೊಳ್ಳಬೇಕು.

ಗ್ರ್ಯಾಂಡ್ ಪಿಯಾನೋ ಆಗಲೇಬೇಕು. ಗೋಡೆಗೆ ಒರಗಿಸುವ ಅಪ್‌ರೈಟ್‌ನಲ್ಲಿ ತಂತಿಗಳು ನಿಂತಿರುತ್ತವೆ, ಸಿಕ್ಕಿಸಿದ್ದು ಸಡಿಲಾದರೆ ನೇರ ಕೆಳಗೆ. ಮೊದಲು ಶ್ರುತಿ, ಆಮೇಲೆ ಸಜ್ಜು. ಬೋಲ್ಟು ಕೂತ ತಂತಿಯನ್ನು ಶ್ರುತಿ ಮಾಡಲಾಗದು. ಬಲಗಡೆಯ ಪೆಡಲ್ ಒತ್ತಿಹಿಡಿದರೆ ಡ್ಯಾಂಪರ್‌ಗಳು ಮೇಲೇಳುತ್ತವೆ, ಆಗಲೇ ಕೈ ಹಾಕಬೇಕು, ಡ್ಯಾಂಪರ್ ಮುಟ್ಟದಂತೆ. ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಎರಡು ತಂತಿಗಳನ್ನು ಕೂದಲೆಳೆಯಷ್ಟು ಅಗಲಿಸಿ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತ ಇಳಿಸಬೇಕು, ಅಮುಕಿ ತುರುಕಬಾರದು. ಸ್ಕ್ರೂ ಸಣ್ಣದಾದರೆ ನುಡಿಸುವಾಗ ಸಡಿಲಾಗಿ ಝುಂಯ್‌ಗುಟ್ಟುತ್ತದೆ, ತಂತಿಗಳ ಕೆಳಗಿನ ಹಲಗೆಗೆ, ಅಂದರೆ ಸೌಂಡ್‌ಬೋರ್ಡಿಗೆ, ಬಿದ್ದರಂತೂ ಕಛೇರಿ ಮುಗಿಯುವವರೆಗೂ ಗಿರಗಿರ. ದಪ್ಪವಾದರೆ ತಂತಿ ಬಿಗಿದು ಶ್ರುತಿ ಏರುತ್ತದೆ, ತಂತಿ ಹಾಯುವ ಕುದುರೆಯ (ಬ್ರಿಡ್ಜ್‌ನ) ಮೊಳೆಗಳ ಮೇಲೆ ಭಾರ ಬೀಳುತ್ತದೆ. ಮಂದ್ರದ ತಂತಿಗಳಿಗೆ ತಾಮ್ರದ ಸುತ್ತು ಇರುವುದರಿಂದ ಅಲ್ಲಿ ಮರೆಯಿರುವ ಲೋಹ ಬೇಡ, ಸುತ್ತು ಗೀಚಿಹೋಗುತ್ತದೆ. ಬೆವರು ಕೈ ಒರೆಸಿಕೊಂಡೇ ಇಳಿಯಬೇಕು, ತಂತಿ ತುಕ್ಕು ಹಿಡಿಯುತ್ತದೆ.

ಎಡಗಡೆಯ ಪೆಡಲ್‌ನ ಮಹಿಮೆ ಬೇರೆ. ಮೂರು ತಂತಿಗಳ ಸ್ವರವೊಂದರಲ್ಲಿ ಎರಡು ಮತ್ತು ಮೂರನೆಯ ತಂತಿಗಳ ನಡುವೆ ಬೋಲ್ಟು ಕೂತಿದೆ ಎನ್ನಿ. ಮಾಮೂಲಾಗಿ ಹೊಡೆದರೆ ಮೊದಲ ತಂತಿಯ ಸಹಜ ಸ್ವರವೂ ಬೋಲ್ಟಿನ ದನಿಯೂ ಒಟ್ಟಿಗೆ ಬರುತ್ತವೆ. ಪೆಡಲ್ ಒತ್ತಿದರೆ ಹ್ಯಾಮರ್‌ಗಳು ಬಲಕ್ಕೆ ಸರಿದು ಮೊದಲ ತಂತಿ ತಪ್ಪುತ್ತದೆ, ಬೋಲ್ಟಿನ ದನಿಯಷ್ಟೇ ಉಳಿಯುತ್ತದೆ. ಒಂದೇ ಮಣೆ, ಎರಡು ವಾದ್ಯ. ಬೋಲ್ಟನ್ನು ಕಾಲು ಇಂಚು ಸರಿಸಿದರೂ ದನಿ ಬೇರೆ. ಪಟ್ಟಿಯ ಅಳತೆ ಹುಟ್ಟಿದ್ದು ಕೇಜ್ ನುಡಿಸುತ್ತಿದ್ದ ಪಿಯಾನೋದಲ್ಲಿ. ತಂತಿಯ ಉದ್ದ ಬೇರೆಯಿರುವ ದೊಡ್ಡ ಕಛೇರಿ ಪಿಯಾನೋದಲ್ಲಿ ಅದೇ ಇಂಚು ಲೆಕ್ಕ ಹಿಡಿದರೆ ದನಿ ಬೇರೆಲ್ಲೋ ಹೋಗುತ್ತದೆ. ಅಳತೆಯ ಟೇಪಿನಿಂದ ಶುರು ಮಾಡಿ ಕಿವಿಯಿಂದ ಮುಗಿಸಬೇಕು.

ದನಿ ಯಾಕೆ ಹೀಗಾಗುತ್ತದೆ? ಸಪೂರ ತಂತಿಯ ಉಪಸ್ವರಗಳು ಹೆಚ್ಚುಕಡಿಮೆ ಒಂದು, ಎರಡು, ಮೂರರ ಅನುಪಾತದಲ್ಲಿರುತ್ತವೆ. ನಡುವೆ ಬೋಲ್ಟಿನ ತೂಕ ಕೂತರೆ ಆ ಅನುಪಾತ ಒಡೆದು ಗಂಟೆಯಂತೆ, ಜಾಗಟೆಯಂತೆ ಕೇಳಿಸುತ್ತದೆ. ರಬ್ಬರ್ ಕೂತರೆ ಕಂಪನ ಬೇಗ ಸತ್ತು ಮರದ ದನಿ ಬರುತ್ತದೆ. ಮೃದಂಗದಲ್ಲಿ ನಡೆಯುವುದು ಇದರ ತಿರುಗುಮುರುಗು. ಬರಿಯ ಚರ್ಮದ ಉಪಸ್ವರಗಳು ಎತ್ತೆತ್ತಲೋ ಇರುತ್ತವೆ. ನಡುವೆ ಕರಣೆಯ (ಕಪ್ಪು ಲೇಪದ) ತೂಕ ಕೂತಮೇಲೆ ಅವು ಸರಿಯಾದ ಅನುಪಾತಕ್ಕೆ ಬರುತ್ತವೆ. ಬೆಂಗಳೂರಿನಲ್ಲಿದ್ದಾಗ ಸರ್ ಸಿ.ವಿ. ರಾಮನ್ 1934ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಕುರಿತದ್ದು. ತೂಕ ಹೇರಿ ನಮ್ಮವರು ತಾಳವಾದ್ಯಕ್ಕೆ ಸ್ವರ ಕೊಟ್ಟರೆ, ಕೇಜ್ ತೂಕ ಹೇರಿ ಸ್ವರವಾದ್ಯವನ್ನು ತಾಳವಾದ್ಯ ಮಾಡಿದರು. ಮನೆಯಲ್ಲಿ ಎರಡೂ ವಾದ್ಯ ಕಲಿಯುವ ಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಸಿಗಲಾರದು. ಪ್ರಯೋಗಕ್ಕೆ ಮಾತ್ರ ಬಾಡಿಗೆ ಪಿಯಾನೋ ಬೇಡ.

ಪಿಯಾನೋ ವಾದಕಿ ಮಾರೊ ಅಜೇಮಿಯನ್ 1949ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿಯ ಚಿಕ್ಕ ಸಭಾಂಗಣದಲ್ಲಿ 'ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್' ಪೂರ್ತಿ ನುಡಿಸಿದರು. ಕೃತಿ ಅರ್ಪಣೆಯಾದದ್ದೂ ಅವರಿಗೇ. ಅದೇ ವರ್ಷ ಕೇಜ್‌ಗೆ ಗುಗನ್‌ಹೈಮ್ ಫೆಲೋಶಿಪ್ ಬಂತು.

ಆಮೇಲಿನದು ಹೆಚ್ಚು ಜನಕ್ಕೆ ಗೊತ್ತಿರುವ ಕೇಜ್. 1951ರಲ್ಲಿ ನಾಣ್ಯ ಚಿಮ್ಮಿ, ಚೀನಾದ 'ಈ-ಚಿಂಗ್' ಎಂಬ ಶಕುನ ಗ್ರಂಥದ 64 ಚಿಹ್ನೆಗಳನ್ನು ನೋಡಿ ಸ್ವರ ಆರಿಸಿದರು. 1952ರ ಆಗಸ್ಟ್ 29ರಂದು ವುಡ್‌ಸ್ಟಾಕ್‌ನಲ್ಲಿ ಡೇವಿಡ್ ಟ್ಯೂಡರ್ ಗಡಿಯಾರ ಹಿಡಿದು ಆ ಪ್ರಸಿದ್ಧ ಮೌನವನ್ನು 'ನುಡಿಸಿದರು'. ಅದರಲ್ಲೂ ಮೂರು ಭಾಗಗಳಿವೆ, ಪ್ರತಿಯೊಂದಕ್ಕೂ ಸೆಕೆಂಡಿನ ಲೆಕ್ಕ ಇದೆ. ಅವಧಿಯೇ ಅಡಿಪಾಯ ಎಂದವರು ಕೊನೆಗೆ ಅಡಿಪಾಯವೊಂದನ್ನೇ ಉಳಿಸಿದರು. ಸೊನಾಟಾ ಕೇಳಿದವರಿಗೆ ಇದು ತಮಾಷೆ ಎನಿಸುವುದಿಲ್ಲ. 1959ರಲ್ಲಿ ಇಟಲಿಯ ಟಿವಿ ಕ್ವಿಜ್‌ನಲ್ಲಿ ಅಣಬೆಗಳ ಪ್ರಶ್ನೆಗೆ ಉತ್ತರಿಸಿ 50 ಲಕ್ಷ ಲೀರಾ ಗೆದ್ದರು ಎಂಬುದು ಬೇರೆಯೇ ಕಥೆ. 1964ರಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯ ತಂಡದೊಂದಿಗೆ ಭಾರತಕ್ಕೂ ಬಂದರು, ಅಹಮದಾಬಾದಿಗೂ ಹೋದರು. ತೀರಿಕೊಂಡದ್ದು 1992ರ ಆಗಸ್ಟ್ 12ರಂದು, ನ್ಯೂಯಾರ್ಕಿನಲ್ಲಿ. ಜರ್ಮನಿಯ ಹಾಲ್ಬರ್‌ಸ್ಟಾಟ್‌ನ ಚರ್ಚಿನಲ್ಲಿ ಅವರ ಆರ್ಗನ್ ಕೃತಿಯೊಂದು 2001ರಿಂದ ನಡೆಯುತ್ತಲೇ ಇದೆ, 639 ವರ್ಷದ ಯೋಜನೆ. ಮೊದಲ ಹದಿನೇಳು ತಿಂಗಳು ಬರೀ ವಿರಾಮ.

ಕೇಳುವ ಕ್ರಮ: ಮೊದಲ ದಿನವೇ ಇಡೀ ಕೃತಿಗೆ ಕೂರಬೇಡಿ. ಐದನೆಯ ಸೊನಾಟಾದಿಂದ ಶುರು ಮಾಡಿ, ಚಿಕ್ಕದು, ನಡಿಗೆ ಒಂದೇ ಸಮ. ಮೊದಲನೆಯದನ್ನು ಎರಡು ಸಲ ಕೇಳಿ, ಪುನರಾವರ್ತನೆ ಹಿಡಿಯಿರಿ. ಹದಿನಾಲ್ಕು ಮತ್ತು ಹದಿನೈದು ಜೋಡಿ, ರಿಚರ್ಡ್ ಲಿಪ್ಪೋಲ್ಡ್ ಅವರ ಶಿಲ್ಪದ ನೆನಪಿನಲ್ಲಿ ಬರೆದವು, ಬಿಡಿಸಿ ಕೇಳಬಾರದು. ಹದಿನಾರನೆಯದು ಪಾಶ್ಚಾತ್ಯನೊಬ್ಬ ಹಾಕಿದ ಸಹಿ ಎಂದು ಕೇಜ್ ಅವರೇ ಹೇಳಿದ್ದರು, ಅದನ್ನು ಕೊನೆಗೇ ಇಟ್ಟುಕೊಳ್ಳಿ. ಒಂದೇ ಧ್ವನಿಮುದ್ರಣಕ್ಕೆ ಅಂಟಿಕೊಳ್ಳುವುದು ಬೇಡ. ಅಜೇಮಿಯನ್, ಯೂಜಿ ತಾಕಾಹಾಶಿ, ಬೋರಿಸ್ ಬರ್ಮನ್ ಮೂವರದ್ದೂ ಸಿಗುತ್ತವೆ, ಮೂವರ ಪಿಯಾನೋವೂ ಬೇರೆ, ಬೋಲ್ಟೂ ಬೇರೆ, ಆದ್ದರಿಂದ ಅದೇ ಸೊನಾಟಾ ಒಬ್ಬರಲ್ಲಿ ಗಂಟೆ, ಇನ್ನೊಬ್ಬರಲ್ಲಿ ಮರ. ಕಾರಿನಲ್ಲಂತೂ ಹಾಕಬೇಡಿ. ರಬ್ಬರ್ ಕೂತ ಸ್ವರಗಳ ಸಣ್ಣ ದನಿ ಎಂಜಿನ್ ಸದ್ದಿನಲ್ಲಿ ಪೂರಾ ಮುಳುಗಿಹೋಗುತ್ತದೆ.

— ಸಂಪಾದಕರು