ಫ್ರೀಡಂ ಪಾರ್ಕ್ ಭೇಟಿ: 8 ಮತ್ತು 9ನೇ ತರಗತಿ ಪೋಷಕರಿಗೆ

ಮಾನ್ಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ನಿಮ್ಮ ಮಕ್ಕಳನ್ನು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಡೈರಿಯಲ್ಲಿ ಬರೆದು ಕಳಿಸಿದ ಮೇಲೆ ಕೆಲವರು ಫೋನ್ ಮಾಡಿ, "ಜೈಲು ನೋಡೋಕೆ ಟ್ರಿಪ್ಪಾ ಮೇಡಂ? ವಂಡರ್‌ಲಾಗೆ ಹೋಗಬಹುದಿತ್ತಲ್ವಾ?" ಎಂದಿರಿ. ಕೇಳಿದ್ದು ಒಳ್ಳೆಯದೇ ಆಯಿತು.

ಅದು ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು. 1860ರ ದಶಕದಲ್ಲಿ ಕಟ್ಟಿದ್ದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, 2008ರಲ್ಲಿ ಪಾರ್ಕ್ ಮಾಡಿ ಜನರಿಗೆ ತೆರೆದರು. ಪುಣ್ಯಕ್ಕೆ ಎಲ್ಲವನ್ನೂ ಕೆಡವಲಿಲ್ಲ. ನಡುವಿನ ಕಾವಲು ಗೋಪುರ, ಕೆಲವು ಬ್ಯಾರಕ್‌ಗಳು, ಕಂಬಿ ಹಾಕಿದ ಕೋಣೆಗಳು ಉಳಿದಿವೆ. ಗೋಪುರದ ಹತ್ತಿರ ನಿಂತು ಸುಮ್ನೆ ಒಂದು ಸುತ್ತು ತಿರುಗಿದರೆ ಸಾಕು, ಬ್ಯಾರಕ್‌ಗಳನ್ನು ಅದರ ಸುತ್ತಲೂ ಯಾಕೆ ಕಟ್ಟಿದರು ಅಂತ ಗೊತ್ತಾಗುತ್ತದೆ. ಮೇಲೆ ನಿಂತ ಒಬ್ಬ ಕಾವಲುಗಾರನಿಗೆ ಎಲ್ಲ ಕಡೆಯೂ ಕಾಣುತ್ತಿತ್ತು. ಅವನು ಈಗ ತನ್ನನ್ನೇ ನೋಡುತ್ತಿದ್ದಾನೋ ಇಲ್ಲವೋ, ಅದು ಮಾತ್ರ ಕೈದಿಗೆ ತಿಳಿಯುತ್ತಿರಲಿಲ್ಲ. ಬೋರ್ಡಿನ ಮೇಲೆ ಎಷ್ಟು ಗೆರೆ ಎಳೆದರೂ ಇದನ್ನು ಮಕ್ಕಳ ತಲೆಗೆ ಹತ್ತಿಸುವುದು ಕಷ್ಟ.

ಇನ್ನೊಂದು ಕಾರಣ ತುರ್ತು ಪರಿಸ್ಥಿತಿ. ಪಠ್ಯದಲ್ಲಿ ಓದಿ ಮುಂದೆ ಹೋಗಿಬಿಡುತ್ತೇವೆ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಇಲ್ಲಿಗೇ ತಂದರು. ವಿಚಾರಣೆ ಇಲ್ಲ, ಏನೂ ಇಲ್ಲ. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಲೇ ಇಲ್ಲಿ ತಿಂಗಳುಗಟ್ಟಲೆ ಕಳೆದರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಭಾರ ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಮೊಬೈಲಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ದಿನಾ ನೋಡುತ್ತಾರೆ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಶುಕ್ರವಾರ ರಾತ್ರಿ ಮಕ್ಕಳ ಜೊತೆ ಕೂರಿಸಿ. ಆಗ ಊರಿನಲ್ಲಿ ಹೇಗಿತ್ತು, ಮಾತಾಡಲು ಹೆದರಿಕೆ ಆಗುತ್ತಿತ್ತಾ ಅಂತ ಮಕ್ಕಳೇ ಕೇಳಲಿ. ಯಾವ ಪಕ್ಷ ಸರಿ ಅನ್ನುವ ಜಗಳ ನಮಗೆ ಬೇಡ. ವಿಕಿಪೀಡಿಯಾ ನೋಡಿ ಬರೆದ ಪ್ರಾಜೆಕ್ಟ್ ಅಂತೂ ಬೇಡವೇ ಬೇಡ. ಅಲ್ಲಿ ಕಂಡ ಒಂದು ಬಾಗಿಲನ್ನೋ ಕಿಟಕಿಯನ್ನೋ ನೋಡಿ ಚಿತ್ರ ಬಿಡಿಸಿ ತಂದರೆ ಸಾಕು.

ಬೆಳಿಗ್ಗೆ ಎಂಟೂವರೆಗೆ ಶಾಲೆಯಿಂದ ಬಸ್ ಹೊರಡುತ್ತದೆ, ಮಧ್ಯಾಹ್ನ ಎರಡು ಗಂಟೆಯೊಳಗೆ ವಾಪಸ್. ನಗರದಲ್ಲಿ ಧರಣಿ ನಡೆಸುವ ಜಾಗವೂ ಅದೇ ಆದ್ದರಿಂದ ಮೈಕಿನ ಗಲಾಟೆ ಜಾಸ್ತಿ ಇರಬಹುದು. ಗಾಬರಿ ಬೇಡ, ನಮ್ಮ ಶಿಕ್ಷಕರು ಜೊತೆಗೇ ಇರುತ್ತಾರೆ. ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ, ಚೆಲ್ಲದಂಥದ್ದು ಹಾಕಿ. ನೀರು, ಟೋಪಿ ಮರೆಯಬೇಡಿ. ಸಹಿ ಮಾಡಿದ ಒಪ್ಪಿಗೆ ಚೀಟಿ ಗುರುವಾರದೊಳಗೆ ಕ್ಲಾಸ್ ಟೀಚರ್ ಕೈ ಸೇರಲಿ. ವಾಟ್ಸ್ಆ್ಯಪ್‌ನಲ್ಲಿ 'ಓಕೆ' ಅಂದರೆ ನಡೆಯುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ