ಗುಂಪಿನ ಸದಸ್ಯರಿಗೆ: ದೇವರ ಸ್ವರವನ್ನು ಗುರುತಿಸುವ ಕುರಿತು

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು. ‘ಮಾತಾಡಿದ್ದು ದೇವರೋ, ನನ್ನ ಮನಸ್ಸೋ?’ ಎಂದು ಹಲವರು ಕೇಳುತ್ತಿರುವುದರಿಂದ, ಈ ವಾರ ಬೈಬಲಿನ 1 ಸಮುವೇಲ ಪುಸ್ತಕದ 3ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಮಂದಿರದಲ್ಲಿ ಮಲಗಿದ್ದ ಬಾಲಕ ಸಮುವೇಲನು ತನ್ನನ್ನು ಕರೆದ ಸ್ವರವನ್ನು ಯಾಜಕನಾದ ಏಲಿಯದೆಂದೇ ತಿಳಿದು ಮೂರು ಸಲ ಎದ್ದು ಅವನ ಬಳಿಗೆ ಹೋದನು. ಕರೆಯುತ್ತಿರುವುದು ದೇವರೆಂದು ಹಿರಿಯನಾದ ಏಲಿಯು ತಿಳಿಸಿಕೊಟ್ಟ ಮೇಲೆಯೇ ಸಮುವೇಲನು ನಾಲ್ಕನೆಯ ಕರೆಗೆ ಸರಿಯಾಗಿ ಓಗೊಟ್ಟನು. ತಡವಾಗಿ ಗುರುತಿಸಿದ್ದಕ್ಕೆ ದೇವರು ಅವನನ್ನು ಗದರಿಸಲಿಲ್ಲ ಎಂಬುದು ನನಗಂತೂ ದೊಡ್ಡ ಸಮಾಧಾನ. ಮನಸ್ಸಿನಲ್ಲಿ ಮೂಡಿದ ಪ್ರೇರಣೆಯು ಬೈಬಲಿನ ವಾಕ್ಯಕ್ಕೆ ವಿರುದ್ಧವಾಗಿದ್ದರೆ ಬಿಟ್ಟುಬಿಡಿ. ಒಪ್ಪುವಂತಿದ್ದರೂ, ವಿಶೇಷವಾಗಿ ಮದುವೆ, ಉದ್ಯೋಗದಂಥ ವಿಷಯಗಳಲ್ಲಿ, ಅವಸರಪಡದೆ ಪ್ರಾರ್ಥಿಸಿ, ನಂಬಿಕೆಯಲ್ಲಿ ಪಕ್ವರಾದ ಒಬ್ಬರೊಡನೆ ಮಾತಾಡಿ. ಇನ್ನೊಬ್ಬರ ಕುರಿತು ‘ದೇವರು ನನಗೆ ಹೇಳಿದ್ದಾರೆ’ ಎಂಬ ಸಂದೇಶಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.